ಗ್ರೀನ್ ಡ್ರೇಕ್ ಏಳುವಾಗ ಟ್ರೌಟ್ ತಿನ್ನುವುದೇನು: ಪೆನ್ಸ್ ಕ್ರೀಕ್‌ನ ಒಂದು ಪ್ರಕರಣ

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಪೆನ್ಸ್ ಕ್ರೀಕ್ ಎಂಬ ಹೊಳೆಯಿದೆ. ಮೇ ಕೊನೆಯಿಂದ ಜೂನ್ ಮೊದಲ ವಾರದವರೆಗೆ, ಮುಸ್ಸಂಜೆ ಹೊತ್ತಿಗೆ, ಹೆಚ್ಚುಕಡಿಮೆ ಒಂದು ಅಂಗುಲದ ಮೇಫ್ಲೈ ಹುಳಗಳು ಅದರ ನೀರಿನಿಂದ ಎದ್ದು ಹಾರುತ್ತವೆ. ಇವು ಗ್ರೀನ್ ಡ್ರೇಕ್. ಕೀಟಶಾಸ್ತ್ರದಲ್ಲಿ ಎಫೆಮೆರಾ ಗುಟ್ಯುಲೇಟಾ. ಇವು ಏಳುವ ದಿನಗಳಲ್ಲಿ ಟ್ರೌಟ್ ಎಂಬ ತಣ್ಣೀರಿನ ಮೀನು ಹಿಡಿಯಲು ದೂರದೂರದಿಂದ ಜನ ಬಂದು ದಡದುದ್ದಕ್ಕೂ ನಿಲ್ಲುತ್ತಾರೆ. ಬಂದವರಲ್ಲಿ ಬಹಳ ಮಂದಿ ಬರಿಗೈಯಲ್ಲಿ ಮರಳುತ್ತಾರೆ. ಸುತ್ತಲೂ ಮೀನು ಬಾಯಿ ಹಾಕುತ್ತಿರುತ್ತದೆ, ತಲೆಯ ಮೇಲೆ ಹುಳ ಹಾರುತ್ತಿರುತ್ತದೆ, ಪೆಟ್ಟಿಗೆಯಲ್ಲಿ ಅದೇ ಹುಳದ ಹೋಲಿಕೆಯ ಒಳ್ಳೆಯ ಫ್ಲೈ, ಅಂದರೆ ಕೃತಕ ಹುಳ, ಇರುತ್ತದೆ. ಆದರೂ ಒಂದು ಮೀನೂ ಅದನ್ನು ಮುಟ್ಟುವುದಿಲ್ಲ. ನಮ್ಮ ಭಾವನವರಿಗೆ ಹೀಗೇ ಆದ ಒಂದು ಸಂಜೆಯನ್ನೂ, ಹವಾಮಾನ ಬದಲಾದ ಅದರ ಮರುದಿನವನ್ನೂ ಇಲ್ಲಿ ಬಿಡಿಸಿಡುತ್ತಿದ್ದೇನೆ.

ಭಾವನವರದು ತೀರ್ಥಹಳ್ಳಿ ಕಡೆಯ ಊರು. ತುಂಗೆಯ ದಡದಲ್ಲಿ ಬಿದಿರ ಕೋಲು, ಎರೆಹುಳ ಹಿಡಿದು ಬೆಳೆದವರು. ಈಗ ನ್ಯೂಜೆರ್ಸಿಯಲ್ಲಿ ಕೆಲಸ. ಫ್ಲೈ ರಾಡ್, ಅಂದರೆ ಫ್ಲೈ ಎಸೆಯುವ ಕೋಲು ಬೀಸುವುದು ಅವರಿಗೆ ಚೆನ್ನಾಗಿ ಕೈಗೂಡಿದೆ, ಎಸೆತ ಹೇಳಿದ ಜಾಗಕ್ಕೆ ಬೀಳುತ್ತದೆ. ಆದ್ದರಿಂದ ಆ ಸಂಜೆ ಮೀನು ಕಚ್ಚದೇ ಇದ್ದದ್ದಕ್ಕೆ ಕೈಯ ದೋಷ ಕಾರಣವಲ್ಲ ಎಂದು ಮೊದಲೇ ಹೇಳಿಬಿಡಬೇಕು.

ಎರೆಹುಳಕ್ಕೆ ವಾಸನೆಯಿದೆ, ರುಚಿಯಿದೆ, ಮೀನು ಅದನ್ನು ಹುಡುಕಿಕೊಂಡು ಬರುತ್ತದೆ. ಫ್ಲೈ ಎಂದರೆ ಕೊಕ್ಕೆಗೆ ಗರಿ, ತುಪ್ಪಳ, ದಾರ ಸುತ್ತಿ ಹುಳದ ಆಕಾರಕ್ಕೆ ತಂದದ್ದು. ಅದು ಕಣ್ಣನ್ನು ಮಾತ್ರ ನಂಬಿಸಬೇಕು. ಅಳತೆ, ಆಕಾರ, ನೀರಿನ ಮೇಲೆ ಎಷ್ಟು ಎತ್ತರದಲ್ಲಿ ಕೂತಿದೆ, ಹೇಗೆ ತೇಲಿ ಬರುತ್ತಿದೆ, ಇಷ್ಟರ ಮೇಲೆಯೇ ಮೀನಿನ ತೀರ್ಮಾನ.

ಹೊಳೆ ಮತ್ತು ಹುಳ

ಪೆನ್ಸ್ ಕ್ರೀಕ್ ಹುಟ್ಟುವುದು ಪೆನ್ಸ್ ಕೇವ್ ಎಂಬ ಸುಣ್ಣಕಲ್ಲಿನ ಗುಹೆಯಲ್ಲಿ. ಸ್ಪ್ರಿಂಗ್ ಮಿಲ್ಸ್, ಕೋಬರ್ನ್ ದಾಟಿ ಬೆಟ್ಟಗಳ ನಡುವೆ ನುಗ್ಗಿ, ಪೋ ಪ್ಯಾಡಿ, ವೈಕರ್ಟ್ ಕಡೆಯಿಂದ ಸಾಗಿ ಕೊನೆಗೆ ಸಸ್ಕ್ವೆಹಾನಾ ನದಿಗೆ ಸೇರುತ್ತದೆ. ಸುಣ್ಣದ ಅಂಶವಿರುವ ನೀರಿನಲ್ಲಿ ಹುಳುಹುಪ್ಪಟೆ ಸಮೃದ್ಧ. ನೀರು ನಿಧಾನವಾದಲ್ಲೆಲ್ಲ ಹೂಳು ಕೂತಿದೆ. ಗ್ರೀನ್ ಡ್ರೇಕ್‌ನ ಮರಿ ಆ ಹೂಳಿನಲ್ಲಿ ಬಿಲ ಕೊರೆದು ಸುಮಾರು ಎರಡು ವರ್ಷ ಬದುಕುತ್ತದೆ. ಹೂಳಿಲ್ಲದ ಬರೀ ಬಂಡೆಯ ಹೊಳೆಯಲ್ಲಿ ಇದನ್ನು ಹುಡುಕಿ ಪ್ರಯೋಜನವಿಲ್ಲ.

ಇಲ್ಲಿನ ಮೀನು ಬ್ರೌನ್ ಟ್ರೌಟ್. ಮೂಲತಃ ಯುರೋಪಿನದು. 1883ರಲ್ಲಿ ಜರ್ಮನಿಯಿಂದ ಹಡಗಿನಲ್ಲಿ ಬಂದ ಮೊಟ್ಟೆಗಳಿಂದ ಅಮೆರಿಕದಲ್ಲಿ ಇದರ ವಂಶ ಶುರುವಾಯಿತು. ದೊಡ್ಡ ಬ್ರೌನ್ ಟ್ರೌಟ್‌ಗೆ ಬೆಳಕೆಂದರೆ ಆಗದು. ಹಗಲಿಡೀ ಬೇರು, ಬಂಡೆಗಳ ಅಡಿಯಲ್ಲಿದ್ದು ಬೆಳಕು ಇಳಿದಾಗ ಹೊರಬೀಳುತ್ತದೆ. ಗ್ರೀನ್ ಡ್ರೇಕ್ ಏಳುವುದೂ ಅದೇ ಹೊತ್ತಿಗೆ. ಇವೆರಡು ಹೊಂದಿಕೆಯಾದದ್ದರಿಂದಲೇ ಈ ಹೊಳೆಗೆ ಅಷ್ಟು ಹೆಸರು.

ಮೇಫ್ಲೈ ಬದುಕಿನ ಹಂತಗಳನ್ನು ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ. ನೀರಿನಡಿಯ ಮರಿಗೆ ನಿಂಫ್ ಎನ್ನುತ್ತಾರೆ. ಕಾಲ ಕೂಡಿದಾಗ ನಿಂಫ್ ಮೇಲೆ ಈಜಿ ಬರುತ್ತದೆ. ನೀರಿನ ಮೇಲ್ಮೈಗೆ ತಾಗಿಕೊಂಡು ಬೆನ್ನು ಸೀಳಿ, ಪೊರೆ ಕಳಚಿ, ರೆಕ್ಕೆ ಎಳೆದುಕೊಳ್ಳುತ್ತದೆ. ಅರ್ಧ ಒಳಗೆ ಅರ್ಧ ಹೊರಗೆ ಇರುವ ಈ ಹಂತವೇ ಎಮರ್ಜರ್. ರೆಕ್ಕೆ ನೆಟ್ಟಗೆ ನಿಲ್ಲಿಸಿ ನೀರಿನ ಮೇಲೆ ಕೂತಾಗ ಅದು ಡನ್. ಡನ್ ಹಾರಿ ಮರ ಸೇರುತ್ತದೆ, ಅಲ್ಲಿ ಮತ್ತೊಮ್ಮೆ ಪೊರೆ ಬಿಡುತ್ತದೆ. ರೆಕ್ಕೆ ಬಂದ ಮೇಲೂ ಪೊರೆ ಬಿಡುವ ಕೀಟ ಇಂದು ಜಗತ್ತಿನಲ್ಲಿ ಮೇಫ್ಲೈ ಒಂದೇ. ಆಮೇಲಿನ ರೂಪ ಸ್ಪಿನ್ನರ್. ಗಾಜಿನಂಥ ರೆಕ್ಕೆ, ತೆಳು ಮೈ, ಉಣ್ಣಲು ಬಾಯಿಯೇ ಇಲ್ಲ. ಗಾಳಿಯಲ್ಲಿ ಕೂಡಿ, ನೀರಿಗೆ ಮೊಟ್ಟೆಯಿಟ್ಟು, ರೆಕ್ಕೆ ಚಾಚಿಕೊಂಡು ಅಲ್ಲೇ ಬೀಳುತ್ತದೆ. ಗ್ರೀನ್ ಡ್ರೇಕ್‌ನ ಸ್ಪಿನ್ನರ್‌ಗೆ ಹೊಟ್ಟೆ ಅಚ್ಚ ಬಿಳಿ. ಅದನ್ನು ಕಾಫಿನ್ ಫ್ಲೈ ಎನ್ನುತ್ತಾರೆ. ಮೊದಲ ಮಳೆಗೆ ಹುತ್ತದಿಂದ ಈಚಲು ಏಳುವುದನ್ನು ನೋಡಿದವರಿಗೆ ಇವು ಎಷ್ಟು ಸಂಖ್ಯೆಯಲ್ಲಿ ಏಳುತ್ತವೆ ಎಂಬ ಅಂದಾಜು ಸಿಗುತ್ತದೆ.

ಗ್ರೀನ್ ಡ್ರೇಕ್ ಒಂದೇ ಏಳುವುದಿಲ್ಲ ಎನ್ನುವುದೇ ಈ ಪ್ರಕರಣದ ತಿರುಳು. ಅದೇ ವಾರಗಳಲ್ಲಿ, ಅದೇ ಸಂಜೆಗಳಲ್ಲಿ, ಸಲ್ಫರ್ ಎಂಬ ಚಿಕ್ಕ ಹಳದಿ ಮೇಫ್ಲೈಗಳೂ ಏಳುತ್ತವೆ. ಡ್ರೇಕ್‌ಗೆ 8 ಅಥವಾ 10ನೇ ನಂಬರಿನ ಕೊಕ್ಕೆ ಬೇಕಾದರೆ ಸಲ್ಫರ್‌ಗೆ 16. ಇಲ್ಲಿ ನಂಬರು ಹೆಚ್ಚಿದಂತೆ ಕೊಕ್ಕೆ ಚಿಕ್ಕದಾಗುತ್ತದೆ. ದೊಡ್ಡ ಹುಳ ಕಣ್ಣು ತುಂಬಿಕೊಂಡರೆ ಚಿಕ್ಕದು ಕಾಣಿಸುವುದೇ ಇಲ್ಲ.

ಆ ಸಂಜೆ

ಜಾಗ ಆರಿಸುವುದರಲ್ಲೇ ಅರ್ಧ ಕೆಲಸವಿದೆ. ಡ್ರೇಕ್ ಏಳುವುದು ಹೊಳೆಯ ಕೆಳಭಾಗದಲ್ಲಿ, ವೈಕರ್ಟ್ ಕಡೆ ಮೊದಲು. ಅಲ್ಲಿ ನೀರು ಬೇಗ ಬೆಚ್ಚಗಾಗುತ್ತದೆ. ಅಲ್ಲಿಂದ ದಿನದಿನವೂ ಮೇಲಕ್ಕೆ, ಕೋಬರ್ನ್ ಕಡೆಗೆ ಸರಿಯುತ್ತದೆ. ವೈಕರ್ಟ್‌ನಲ್ಲಿ ಶುರುವಾಗಿ ಕೆಲವು ದಿನ ಕಳೆದಿತ್ತು. ಆದ್ದರಿಂದ ಪೋ ಪ್ಯಾಡಿಯ ಹಳೆಯ ರೈಲು ಸುರಂಗದಿಂದ ತುಸು ದೂರದ ಒಂದು ಮಡುವನ್ನು ಹಿಡಿದೆವು. ಮೇಲ್ತುದಿಯಲ್ಲಿ ಕಲ್ಲುಗಳ ಮೇಲೆ ಮೊರೆಯುವ ನೀರು, ನಡುವೆ ಆಳ, ಕೆಳತುದಿಯಲ್ಲಿ ನುಣ್ಣನೆಯ ನಿಧಾನ ಹರಿವು. ನೀರಿನ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್. ಹಗಲು ಬೆಚ್ಚಗಿತ್ತು, ಗಾಳಿ ಇರಲಿಲ್ಲ.

ರಾಡ್ ಜೋಡಿಸುವ ಮುಂಚೆ ನೀರಿಗೆ ಬಾಗಿದ ಪೊದೆಗಳ ಜೇಡರ ಬಲೆ ನೋಡಬೇಕು. ಹಿಂದಿನ ಸಂಜೆ ಏನು ಎದ್ದಿತ್ತು ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಬಲೆಗಳಲ್ಲಿ ಹಳದಿ ಹುಳಗಳು ತುಂಬಿದ್ದವು, ಹಸಿರು ರೆಕ್ಕೆಯ ದೊಡ್ಡವು ಅಲ್ಲೊಂದು ಇಲ್ಲೊಂದು. ಭಾವ ನೀರಿನ ಕಲ್ಲೊಂದನ್ನು ಮಗುಚಿ ಅದಕ್ಕಂಟಿದ್ದ ಚಪ್ಪಟೆ ಮರಿಗಳನ್ನು ನೋಡಿ, "ಇವು ನಮ್ಮ ತುಂಗೆ ಕಲ್ಲಡೀಲೂ ಇರ್ತಾವಲ್ಲೋ!" ಅಂದರು. ಹೌದು, ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಮೇಫ್ಲೈ ಧಾರಾಳವಾಗಿವೆ. ಅವನ್ನೇ ನಂಬಿ ಬಾಯಿ ತೆರೆದು ಕಾಯುವ ಟ್ರೌಟ್ ತುಂಗೆಯಲ್ಲಿಲ್ಲ, ಅಷ್ಟೇ.

ಏಳು ಗಂಟೆ ದಾಟುತ್ತಿದ್ದಂತೆ ಸಲ್ಫರ್‌ಗಳು ಒಂದೊಂದೇ ಕಾಣಿಸಿಕೊಂಡವು. ಎಂಟರ ಹೊತ್ತಿಗೆ ಮೊದಲ ಡ್ರೇಕ್ ಎದ್ದಿತು. ಆ ಹುಳ ಏಳುವುದನ್ನು ಯಾರಿಗೂ ತೋರಿಸಬೇಕಾಗಿಲ್ಲ. ನೀರಿನ ಮೇಲೆ ಫಡಫಡನೆ ಬಡಿದುಕೊಂಡು ಭಾರವಾಗಿ ಮೇಲೇರುತ್ತದೆ. ಕಾಲು ಗಂಟೆಯಲ್ಲಿ ಮಡುವಿನ ತುಂಬ ಅವೇ. ಮೀನುಗಳೂ ಮೇಲೆ ಬರತೊಡಗಿದವು. ದಡದಲ್ಲಿದ್ದವರೆಲ್ಲ ದೊಡ್ಡ ಫ್ಲೈ ಕಟ್ಟಿಕೊಂಡರು. ಭಾವನೂ 10ನೇ ನಂಬರಿನ ಗ್ರೀನ್ ಡ್ರೇಕ್ ಡನ್ ಕಟ್ಟಿ ಎಸೆದರು. ನಿಖರವಾದ ಎಸೆತ. ಮೀನು ಬರಲಿಲ್ಲ. ಮತ್ತೆ ಎಸೆದರು. ಒಂದು ಮೀನು ಮೂತಿ ಹತ್ತಿರ ತಂದು ತಿರುಗಿಕೊಂಡು ಹೋಯಿತು. ಆಚೆ ದಡದಲ್ಲಿಯೂ ಇದೇ ಕಥೆ.

"ಅಲ್ಲ ಕಣೋ, ಕಣ್ಣೆದುರಿಗೇ ತಿಂತಾ ಇದೆಯಲ್ಲ, ನಂದನ್ನ ಯಾಕೆ ಮುಟ್ಟಲ್ಲ?"

"ಭಾವ, ಸ್ವಲ್ಪ ಹೊತ್ತು ರಾಡ್ ಕೆಳಗಿಡಿ. ಬೇರೆ ಎಲ್ಲ ಬಿಟ್ಟು ಒಂದೇ ಮೀನು ನೋಡೋಣ."

ಬೆಳಕು ಇಳಿಯುತ್ತಿರುವಾಗ ಸುಮ್ಮನೆ ನಿಲ್ಲುವುದು ಬಹಳ ಕಷ್ಟ. ಆದರೆ ಆ ಸಂಜೆ ಮಾಡಿದ ಕೆಲಸಗಳಲ್ಲಿ ಅತ್ಯಂತ ಮುಖ್ಯವಾದದ್ದು ಅದೇ. ಆಚೆ ದಡದ ಬಂಡೆಯ ಪಕ್ಕ ಕ್ರಮ ತಪ್ಪದೆ ಏಳುತ್ತಿದ್ದ ಒಂದು ಮೀನನ್ನು ಗುರುತು ಮಾಡಿಕೊಂಡೆವು. ಒಂದು ಡ್ರೇಕ್ ತೇಲುತ್ತ ಅದರ ನೆತ್ತಿಯ ಮೇಲೆ ಬಂತು. ಮೀನು ಕದಲಲಿಲ್ಲ. ಇನ್ನೊಂದು ಬಂತು, ಅದನ್ನೂ ಬಿಟ್ಟಿತು. ಆ ಎರಡರ ನಡುವೆ, ನಮ್ಮ ಕಣ್ಣಿಗೆ ಏನೂ ಕಾಣದ ಜಾಗದಲ್ಲಿ, ನೀರು ಉಬ್ಬಿ ಬೆನ್ನುರೆಕ್ಕೆ ಕಂಡಿತು, ಹಿಂದೆಯೇ ಬಾಲದ ತುದಿ. ಮೂತಿ ಮಾತ್ರ ಹೊರಬರಲಿಲ್ಲ. ಮೀನು ಮುಳುಗಿದ ಮೇಲೆ ಅಲ್ಲಿ ಗುಳ್ಳೆಯೂ ಉಳಿಯಲಿಲ್ಲ.

ಆ ಗುಳ್ಳೆ ದೊಡ್ಡ ಸುಳಿವು. ನೀರಿನ ಮೇಲೆ ಕೂತ ಹುಳವನ್ನು ನುಂಗುವಾಗ ಟ್ರೌಟ್ ಗಾಳಿಯನ್ನೂ ಒಳಗೆಳೆದುಕೊಂಡು ಕಿವಿರಿನಿಂದ ಬಿಡುತ್ತದೆ, ಅದು ಗುಳ್ಳೆಯಾಗಿ ತೇಲುತ್ತದೆ. ಗುಳ್ಳೆ ಇಲ್ಲದೆ ಬೆನ್ನು ಮಾತ್ರ ಕಂಡರೆ ಮೀನು ತಿನ್ನುತ್ತಿರುವುದು ಮೇಲ್ಮೈಯ ಕೆಳಗೆ, ಬೆರಳಗಲ ಆಳದಲ್ಲಿ. ಭಾವ ಕೆಳಕ್ಕೆ ಹೋಗಿ, ಸಣ್ಣ ಕಣ್ಣಿನ ಬಲೆಯನ್ನು ಅರ್ಧ ಮುಳುಗಿಸಿ ಹರಿವಿಗೆ ಒಡ್ಡಿ ಹಿಡಿದರು. ಎತ್ತಿ ನೋಡಿದರೆ ಡ್ರೇಕ್ ಒಂದೂ ಇಲ್ಲ. ಇದ್ದದ್ದು ಸಲ್ಫರ್‌ಗಳು: ಬೆನ್ನು ಸೀಳಿದ್ದು, ಪೊರೆ ಬಾಲಕ್ಕೆ ಅಂಟಿಕೊಂಡದ್ದು, ರೆಕ್ಕೆ ಮಡಚಿಯೇ ಸತ್ತದ್ದು.

ಆದರೂ ಫ್ಲೈ ಬದಲಾಯಿಸುವ ಮುಂಚೆ ಇನ್ನೊಂದು ಅನುಮಾನವನ್ನು ತೀರಿಸಿಕೊಳ್ಳಬೇಕಿತ್ತು. ಮೀನು ನಿರಾಕರಿಸಿದಾಗಲೆಲ್ಲ ತಪ್ಪು ಫ್ಲೈಯದೇ ಆಗಿರುವುದಿಲ್ಲ. ಹರಿವಿಗೆ ಸಿಕ್ಕಿದ ಲೈನು, ಅಂದರೆ ರಾಡಿನ ದಾರ, ಫ್ಲೈಯನ್ನು ಕೂದಲೆಳೆಯಷ್ಟು ಎಳೆದರೂ ಸಾಕು, ಹುಳ ಹಾಗೆ ಚಲಿಸುವುದಿಲ್ಲ ಎಂದು ಟ್ರೌಟ್‌ಗೆ ಗೊತ್ತು. ನನ್ನ ದೃಷ್ಟಿಯಲ್ಲಿ ಟ್ರೌಟ್ ಮಹಾ ಆಯ್ಕೆಗಾರ ಎಂಬ ದೂರಿನಲ್ಲಿ ಅರ್ಧ ಪಾಲು ಈ ಎಳೆತದ್ದು. ಅದಕ್ಕೆ ಭಾವ ಅದೇ ದೊಡ್ಡ ಫ್ಲೈ ಇಟ್ಟುಕೊಂಡು ನಿಲ್ಲುವ ಜಾಗವನ್ನಷ್ಟೇ ಬದಲಿಸಿದರು. ಮೀನಿನ ಮೇಲ್ಭಾಗಕ್ಕೆ ಓರೆಯಾಗಿ ಹೋಗಿ, ಎಸೆತದ ಕೊನೆಯಲ್ಲಿ ಕೈಯನ್ನು ಹರಿವಿನ ಮೇಲ್ದಿಕ್ಕಿಗೆ ಚಾಚಿ, ಲೈನು ಸಡಿಲವಾಗಿ ಬೀಳುವಂತೆ, ಫ್ಲೈ ಎಲ್ಲಕ್ಕಿಂತ ಮುಂದೆ ತೇಲುವಂತೆ ಮಾಡಿದರು. ಡ್ರೇಕ್ ಯಾವ ಎಳೆತವೂ ಇಲ್ಲದೆ ಮೀನಿನ ತಲೆಯ ಮೇಲೆಯೇ ಹೋಯಿತು. ಮೀನು ಅದನ್ನು ಬಿಟ್ಟು, ಅದರ ಹಿಂದೆಯೇ ಬಂದ ಇನ್ನೇನನ್ನೋ ತಿಂದಿತು. ಹೀಗೆ ಎಳೆತದ ಅನುಮಾನ ತೀರಿತು.

ಈಗ ಫ್ಲೈ ಬದಲಾಯಿತು. 16ನೇ ನಂಬರಿನ ಸಲ್ಫರ್ ಎಮರ್ಜರ್: ಮೈ ನೀರಿನೊಳಗೆ ಬಾಗಿರುತ್ತದೆ, ರೆಕ್ಕೆಯ ಕುಚ್ಚು ಮಾತ್ರ ಹೊರಗೆ, ಹಿಂದೆ ಪೊರೆಯಂತೆ ಕಾಣುವ ಕಂದು ನೂಲಿನ ಎಳೆ. ಮೈ ಬಗ್ಗಿಸಿ ನೀರಿನೊಳಗೆ ಇಳಿಬಿಡುವ ಈ ಮಾದರಿಯಲ್ಲಿ ಹಾಲೆಂಡಿನ ಹಾನ್ಸ್ ವ್ಯಾನ್ ಕ್ಲಿಂಕೆನ್ 1980ರ ದಶಕದಲ್ಲಿ ಕಟ್ಟಿದ ಫ್ಲೈ ಇಂದು ಎಲ್ಲ ದೇಶಗಳ ಪೆಟ್ಟಿಗೆಯಲ್ಲೂ ಇದೆ. ತುದಿಯ ತೆಳು ದಾರವನ್ನೂ 0.18 ಮಿಲಿಮೀಟರಿನಿಂದ 0.15ಕ್ಕೆ ಇಳಿಸಿದೆವು. ದಪ್ಪ ದಾರ ಚಿಕ್ಕ ಫ್ಲೈಯನ್ನು ಬಿಗಿಯಾಗಿ ಹಿಡಿದುಬಿಡುತ್ತದೆ, ಅದು ಹರಿವಿನೊಂದಿಗೆ ಓಲಾಡುವುದಿಲ್ಲ. ಭಾವ ಎಸೆದರು. ಬಂಡೆಯ ಪಕ್ಕ ನೀರು ಉಬ್ಬಿತು, ದಾರ ಬಿಗಿಯಿತು. ಹೊಟ್ಟೆ ಬೆಣ್ಣೆ ಬಣ್ಣದ, ಕೆಂಪು ಚುಕ್ಕೆಯ ಮೀನು. ನೀರಿನಲ್ಲೇ ಕೊಕ್ಕೆ ಬಿಡಿಸಿ ಕಳಿಸಿದರು. ಆ ಮೇಲೆ ಅದೇ ಫ್ಲೈಗೆ ಅದೇ ಸಾಲಿನ ಇನ್ನೂ ಕೆಲವು ಮೀನು ಬಂದವು.

ಅಷ್ಟರಲ್ಲಿ ಸೂರ್ಯ ಮುಳುಗಿದ್ದ. ಜೂನ್ ಮೊದಲ ವಾರ ಇಲ್ಲಿ ಸೂರ್ಯಾಸ್ತ ಸುಮಾರು 8 ಗಂಟೆ 40 ನಿಮಿಷಕ್ಕೆ. ಎಮರ್ಜರ್‌ಗೆ ಮೀನು ಬರುವುದು ನಿಂತಿತು. ಮಡುವಿನ ಕೆಳತುದಿಯಲ್ಲಿ ಮೀನುಗಳು ಏಳುತ್ತಲೇ ಇದ್ದವು, ಆದರೆ ಏಳುವ ರೀತಿ ಬೇರೆ. ಉಬ್ಬು ಇಲ್ಲ, ಸದ್ದು ಇಲ್ಲ, ಸಣ್ಣ ಉಂಗುರ ಮಾತ್ರ. ಮೀನು ನೀರಿನ ಮೇಲ್ಮೈಗೆ ಹತ್ತಿರವೇ ನಿಂತು ತುಟಿ ತೆರೆದು ಹೀರುತ್ತಿತ್ತು. ಓಡಿಹೋಗಲಾರದ ಹುಳವನ್ನು ಅವಸರದಿಂದ ಹಿಡಿಯಬೇಕಾಗಿಲ್ಲ. ಬಲೆಯಲ್ಲಿ ರೆಕ್ಕೆ ಚಾಚಿದ ಸಲ್ಫರ್ ಸ್ಪಿನ್ನರ್‌ಗಳು. ಕಂದು ಮೈ, ಚಪ್ಪಟೆ ರೆಕ್ಕೆಯ ಸ್ಪಿನ್ನರ್ ಕಟ್ಟಿದಾಗ ಮತ್ತೆ ಮೀನು.

ಒಂಬತ್ತು ಗಂಟೆಗೆ ಮರದ ನೆತ್ತಿಯ ಮೇಲೆ ಆಡುತ್ತಿದ್ದ ಬಿಳಿ ಹುಳಗಳು ಕೆಳಗಿಳಿಯತೊಡಗಿದವು. ಕಾಫಿನ್ ಫ್ಲೈ. ಮೊಟ್ಟೆಯಿಡುತ್ತ ನೀರಿಗೆ ಹೊಟ್ಟೆ ತಾಗಿಸಿ, ಒಂದೊಂದಾಗಿ ಬಿದ್ದು ಹರಡಿಕೊಂಡವು. ಆಗ ಹೊರಬಂದವು ದೊಡ್ಡ ಮೀನುಗಳು. ಕತ್ತಲಲ್ಲಿ ಅವು ನುಂಗುವ ಸದ್ದೇ ಗುರುತು. ಭಾವ 10ನೇ ನಂಬರಿನ ಬಿಳಿ ಹೊಟ್ಟೆಯ ಸ್ಪಿನ್ನರ್ ಕಟ್ಟಿದರು, ದಾರ ಮತ್ತೆ ದಪ್ಪನೆಯದು. ಒಂದು ಗಂಟೆ ಮುಂಚೆ ಮೀನು ತಿರಸ್ಕರಿಸಿದ್ದ ಅದೇ ಅಳತೆಯ ಫ್ಲೈ. ಈಗ ಆ ಸಂಜೆಯ ಅತಿ ದೊಡ್ಡ ಮೀನು ಅದಕ್ಕೇ ಬಂತು.

ಏಕೆ ಹೀಗಾಯಿತು

ನೀರಿನೊಳಗಿಂದ ಮೇಲೆ ನೋಡುವ ಮೀನಿಗೆ ಹೊರಜಗತ್ತು ಕಾಣುವುದು ಸುಮಾರು 97 ಡಿಗ್ರಿ ಕೋನದ ಒಂದು ದುಂಡು ಕಿಂಡಿಯಲ್ಲಿ. ಬೆಳಕು ನೀರಿಗೆ ಬಾಗಿ ಬರುವುದೇ ಅದಕ್ಕೆ ಕಾರಣ. ಕಿಂಡಿಯ ಹೊರಗಿನ ಮೇಲ್ಮೈಯೆಲ್ಲ ತಳವನ್ನೇ ಪ್ರತಿಬಿಂಬಿಸುವ ಕನ್ನಡಿ. ನೀರಿನ ಮೇಲೆ ನಿಂತ ಡನ್‌ನ ಕಾಲುಗಳು ಆ ಕನ್ನಡಿಯಲ್ಲಿ ಚಿಕ್ಕ ಬೆಳಕಿನ ಚುಕ್ಕೆಗಳಾಗಿ ಮಾತ್ರ ಕಾಣುತ್ತವೆ. ಎಮರ್ಜರ್ ಮತ್ತು ಸ್ಪಿನ್ನರ್‌ಗಳ ಇಡೀ ಮೈ ಮೇಲ್ಮೈಯನ್ನು ಒತ್ತಿರುತ್ತದೆ ಅಥವಾ ತೂರಿರುತ್ತದೆ. ಮೀನು ಅವನ್ನು ದೂರದಿಂದಲೇ ಗುರುತಿಸುತ್ತದೆ. ಜತೆಗೆ ಅವು ಹಾರಿಹೋಗಲಾರವು. ಬೆಚ್ಚನೆಯ ಸಂಜೆ ಡ್ರೇಕ್ ಡನ್ ಬೇಗ ಹಾರಿಬಿಡುತ್ತದೆ. ಏರಿ ಬಂದ ಮೀನಿಗೆ ಬಾಯಿ ತೆರೆಯುವಷ್ಟರಲ್ಲಿ ತುತ್ತು ಮಾಯ. ಡಜನ್‌ಗಟ್ಟಲೆ ಸಲ್ಫರ್‌ಗಳು ನಿಂತಲ್ಲಿಗೇ ತೇಲಿ ಬರುವಾಗ ದೊಡ್ಡದೊಂದನ್ನು ಬೆನ್ನಟ್ಟುವುದು ಮೀನಿಗೆ ನಷ್ಟದ ವ್ಯವಹಾರ.

ಈ ತಿಳಿವಳಿಕೆ ಹೊಸದಲ್ಲ. ಇಂಗ್ಲೆಂಡಿನ ಹ್ಯಾಂಪ್‌ಶೈರ್ ಹೊಳೆಗಳಲ್ಲಿ ಫ್ಲೈ ಮೀನುಗಾರಿಕೆಯ ಲೇಖಕ ಫ್ರೆಡೆರಿಕ್ ಹಾಲ್ಫರ್ಡ್ ಕಾಲದಿಂದ ತೇಲುವ ಫ್ಲೈಯೇ ಸರಿ ಎಂಬ ನಿಯಮ ಬೇರೂರಿತ್ತು. ಇಚೆನ್ ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದ ವಕೀಲ ಜಿ.ಇ.ಎಂ. ಸ್ಕ್ಯೂಸ್, ಟ್ರೌಟ್ ಬಹಳ ಸಲ ಮೇಲ್ಮೈಯ ಕೆಳಗಿನ ನಿಂಫ್‌ಗಳನ್ನೇ ತಿನ್ನುತ್ತದೆ ಎಂದು ಪಟ್ಟು ಹಿಡಿದು ವಾದಿಸಿದರು. 1938ರಲ್ಲಿ ಲಂಡನ್ನಿನ ಫ್ಲೈಫಿಷರ್ಸ್ ಕ್ಲಬ್‌ನಲ್ಲಿ ಇದರ ಮೇಲೆ ದೊಡ್ಡ ಚರ್ಚೆಯೇ ನಡೆಯಿತು. ಬಂಡೆಯ ಪಕ್ಕದ ಆ ಮೀನನ್ನು ನೋಡಿದ್ದರೆ ಸ್ಕ್ಯೂಸ್‌ಗೆ ಒಂದು ಮಾತೂ ಬೇಕಾಗುತ್ತಿರಲಿಲ್ಲ.

ಹಾಗಾದರೆ ಡ್ರೇಕ್ ಡನ್ ಪೆಟ್ಟಿಗೆಯಲ್ಲಿ ದಂಡವೇ? ಅಲ್ಲ. ಅದಕ್ಕೆ ಮರುದಿನವೇ ಉತ್ತರ.

ಮರುದಿನ

ರಾತ್ರಿ ಮಳೆ ಬಂತು. ಬೆಳಗ್ಗೆಯಿಂದ ಮೋಡ, ತುಂತುರು, ಬೀಸುವ ತಣ್ಣನೆ ಗಾಳಿ. ಬಹಳ ಜನ ಡೇರೆ ಬಿಟ್ಟು ಹೊರಬರಲಿಲ್ಲ, ಹುಳ ಏಳುವುದು ಕತ್ತಲಿಗೇ ತಾನೆ ಎಂದು. ಆದರೆ ಮೋಡ ಕವಿದ ದಿನ ಹುಳಗಳು ಸೂರ್ಯಾಸ್ತಕ್ಕೆ ಕಾಯುವುದಿಲ್ಲ. ಮಧ್ಯಾಹ್ನ ಕಳೆದ ಮೇಲೆ ಅಲ್ಲಲ್ಲಿ ಡ್ರೇಕ್ ಏಳತೊಡಗಿದವು. ಎದ್ದವಕ್ಕೆ ಬೇಗ ಹಾರಲಾಗಲಿಲ್ಲ. ಥಂಡಿಯಲ್ಲಿ ಮೈ ಮರಗಟ್ಟಿ, ಒದ್ದೆ ರೆಕ್ಕೆ ಒಣಗದೆ, ಮಡುವಿನ ಉದ್ದಕ್ಕೂ ತೇಲಿದವು. ಈ ಸಲ ಮೀನು ಮೂತಿ ಹೊರಗೆ ಹಾಕಿ ನುಂಗಿತು, ಹಿಂದೆ ಗುಳ್ಳೆ ಉಳಿಯಿತು. ಭಾವ ನನ್ನನ್ನು ಕೇಳಲೂ ಇಲ್ಲ. ಗುಳ್ಳೆ ನೋಡಿದವರೇ ಹಿಂದಿನ ಸಂಜೆ ಸೋತಿದ್ದ ಅದೇ ಹಸಿರು ಡನ್ ಹುಡುಕಿ ತೆಗೆದು, ಅದರ ಅಡಿಯ ಗರಿಯನ್ನು ಕತ್ತರಿಯಿಂದ ಸಮವಾಗಿ ಕತ್ತರಿಸಿ, ನೀರಿಗೆ ಇನ್ನಷ್ಟು ಹತ್ತಿರ ಕೂರುವಂತೆ ಮಾಡಿಕೊಂಡರು. ಮೀನು ಅಳುಕದೆ ಬಂತು.

ನೀರಿನ ಉಷ್ಣತೆಯನ್ನು ದಿನವೂ ಅಳೆಯುವುದು ಇನ್ನೊಂದು ಕಾರಣಕ್ಕೂ ಅಗತ್ಯ. ಬೇಸಿಗೆ ಏರಿದಂತೆ ಈ ಹೊಳೆಯ ಕೆಳಭಾಗ ಬಿಸಿಯಾಗುತ್ತದೆ. ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ. 20 ಡಿಗ್ರಿ ದಾಟಿದ ನೀರಿನಲ್ಲಿ ಟ್ರೌಟ್ ಹಿಡಿದರೆ, ಎಷ್ಟು ಜೋಪಾನವಾಗಿ ಬಿಟ್ಟರೂ ಅದು ಚೇತರಿಸಿಕೊಳ್ಳದೆ ಸಾಯಬಹುದು. ಹುಳ ಎಷ್ಟೇ ಏಳಲಿ, ಆ ಅಂಕಿ ಕಂಡ ದಿನ ರಾಡ್ ಜೋಡಿಸಬಾರದು.

ಭಾವ ಆ ದಿನ ಏಳೂವರೆಗೇ ನೀರಿನಿಂದ ಹೊರಬಂದರು. ಕಾಫಿನ್ ಫ್ಲೈಗೆಂದು ಆ ಹೊತ್ತಿಗೆ ಬಂದು ಕತ್ತಲವರೆಗೆ ಕಾದವರಿಗೆ ಅವು ಸಿಗಲಿಲ್ಲ. ಥಂಡಿ ಗಾಳಿಯಲ್ಲಿ ಸ್ಪಿನ್ನರ್‌ಗಳು ನೀರಿನ ಮೇಲೆ ಬರುವುದಿಲ್ಲ, ಎಲೆಗಳ ಅಡಿಯಲ್ಲೇ ಉಳಿಯುತ್ತವೆ. ಗಾಳಿ ನಿಂತು ಬೆಚ್ಚಗಾಗುವ ಮುಂದಿನ ಸಂಜೆ, ಉಳಿದುಕೊಂಡವು ಮತ್ತು ಅಂದು ಸಿದ್ಧವಾದವು ಒಟ್ಟಿಗೆ ಇಳಿಯುತ್ತವೆ. ಆ ಸಂಜೆಗಾಗಿ ಭಾವ ರಾತ್ರಿಯೇ ಬಿಳಿ ಹೊಟ್ಟೆಯ ಸ್ಪಿನ್ನರ್‌ಗಳನ್ನು ಕಟ್ಟಿಕೊಂಡು, ಪಕ್ಕದ ಖಾನೆಯಲ್ಲಿ ಸಲ್ಫರ್ ಎಮರ್ಜರ್‌ಗಳನ್ನೂ ತುಂಬಿಟ್ಟರು.